ವೈದ್ಯಕೀಯ ಚಿತ್ರಣದಲ್ಲಿ ಅರೆವಾಹಕ ವಿಕಿರಣ ಶೋಧಕಗಳು

ಅರೆವಾಹಕ ವಿಕಿರಣ ಶೋಧಕವು ಎಕ್ಸ್-ಕಿರಣ, ಗಾಮಾ ಕಿರಣ ಹಾಗೂ ವಿದ್ಯುದಾವೇಶವುಳ್ಳ ಕಣಗಳನ್ನು ಅರೆವಾಹಕ ಸ್ಫಟಿಕದೊಳಗೆ ನೇರವಾಗಿ ವಿದ್ಯುತ್ ಸಂಕೇತವಾಗಿ ಪರಿವರ್ತಿಸುವ ಸಾಧನವಾಗಿದೆ. ಸಿಲಿಕಾನ್, ಜರ್ಮೇನಿಯಂ, ಸೆಲೆನಿಯಂ, ಕ್ಯಾಡ್ಮಿಯಂ ಟೆಲ್ಯುರೈಡ್ ಮತ್ತು ಕ್ಯಾಡ್ಮಿಯಂ ಜಿಂಕ್ ಟೆಲ್ಯುರೈಡ್ ಇದರ ತಯಾರಿಕೆಯಲ್ಲಿ ಬಳಕೆಯಾಗುವ ಮುಖ್ಯ ವಸ್ತುಗಳು. ಸಿ.ಟಿ. ಸ್ಕ್ಯಾನರ್, ಗಾಮಾ ಕ್ಯಾಮೆರಾ ಮತ್ತು ಮ್ಯಾಮೊಗ್ರಫಿ ಯಂತ್ರಗಳಲ್ಲಿ ಇಂತಹ ಶೋಧಕಗಳನ್ನು ಅಳವಡಿಸುವುದರಿಂದ ಚಿತ್ರದ ಸ್ಪಷ್ಟತೆ ಹೆಚ್ಚುತ್ತದೆ. ರೋಗಿಯ ದೇಹಕ್ಕೆ ತಗಲುವ ವಿಕಿರಣದ ಪ್ರಮಾಣವನ್ನು ತಗ್ಗಿಸಲೂ ಅವಕಾಶ ದೊರೆಯುತ್ತದೆ.

ಉತ್ತರ ಬೆಂಗಳೂರಿನ ಜಾಲಹಳ್ಳಿಯಲ್ಲಿರುವ ಭಾರತ್ ಎಲೆಕ್ಟ್ರಾನಿಕ್ಸ್ ಲಿಮಿಟೆಡ್ (ಬಿಇಎಲ್) ಕಾರ್ಖಾನೆಯಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯಕ್ಕಾಗಿ ಸಿಲಿಕಾನ್ ಪಟ್ಟಿ ಶೋಧಕಗಳನ್ನು ತಯಾರಿಸಲಾಗಿತ್ತು. ಕಣ ಭೌತಶಾಸ್ತ್ರಕ್ಕಾಗಿ ಬೆಳೆದ ಈ ಬಗೆಯ ತಂತ್ರಜ್ಞಾನವೇ ಮುಂದೆ ಕೆಲವು ವೈದ್ಯಕೀಯ ಸ್ಕ್ಯಾನರುಗಳಿಗೂ ತಳಹದಿಯಾಯಿತು.

ಹಿನ್ನೆಲೆ

1895ರಲ್ಲಿ ವಿಲ್ಹೆಲ್ಮ್ ರಾಂಟ್ಜನ್ ಎಕ್ಸ್-ಕಿರಣಗಳನ್ನು ಕಂಡುಹಿಡಿದ ಬಳಿಕ ಹಲವು ದಶಕಗಳ ಕಾಲ ಛಾಯಾಚಿತ್ರ ಫಿಲ್ಮೇ ವೈದ್ಯಕೀಯ ಚಿತ್ರಣದ ಮುಖ್ಯ ಮಾಧ್ಯಮವಾಗಿತ್ತು. 1950ರ ದಶಕದಲ್ಲಿ ಹ್ಯಾಲ್ ಆಂಗರ್ ಗಾಮಾ ಕ್ಯಾಮೆರಾವನ್ನು ರೂಪಿಸಿದರು. ಇದರಲ್ಲಿ ರೋಗಿಯ ದೇಹದಿಂದ ಹೊರಬರುವ ಗಾಮಾ ಕಿರಣವು ಸೋಡಿಯಂ ಅಯೊಡೈಡ್ ಸ್ಫಟಿಕಕ್ಕೆ ತಾಗಿ ಕ್ಷಣಮಾತ್ರದ ಬೆಳಕನ್ನು ಹೊಮ್ಮಿಸುತ್ತದೆ. ಹೀಗೆ ಮಿನುಗುವ ಸ್ಫಟಿಕವನ್ನು ಸಿಂಟಿಲೇಟರ್ ಎಂದು ಕರೆಯುತ್ತಾರೆ. ಆ ಮಂದ ಬೆಳಕನ್ನು ಫೋಟೊಮಲ್ಟಿಪ್ಲಯರ್ ಎಂಬ ನಿರ್ವಾತ ನಳಿಕೆಗಳು ವಿದ್ಯುತ್ ಸಂಕೇತವಾಗಿಸಿ ವರ್ಧಿಸುತ್ತವೆ.

1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಸ್ಕ್ಯಾನರಿನಿಂದ ಮೊದಲ ರೋಗಿಯ ಮೆದುಳಿನ ಚಿತ್ರವನ್ನು ಪಡೆಯಲಾಯಿತು. ಇದಕ್ಕಾಗಿ ಹೌನ್ಸ್‌ಫೀಲ್ಡ್ ಹಾಗೂ ಆಲನ್ ಕಾರ್ಮ್ಯಾಕ್ ಅವರಿಗೆ 1979ರ ನೊಬೆಲ್ ಪ್ರಶಸ್ತಿ ದೊರೆಯಿತು. ಮೊದಲ ಸಿ.ಟಿ. ಯಂತ್ರವೂ ಮಿನುಗು ಸ್ಫಟಿಕವನ್ನೇ ಅವಲಂಬಿಸಿತ್ತು. ಇಂದಿನ ಬಹುಪಾಲು ಸಿ.ಟಿ. ಯಂತ್ರಗಳಲ್ಲಿ ನಿರ್ವಾತ ನಳಿಕೆಯ ಬದಲು ಸಿಲಿಕಾನ್ ಫೋಟೊಡಯೋಡ್ ಇದೆಯಾದರೂ ಅದು ಗ್ರಹಿಸುವುದು ಮಿನುಗು ವಸ್ತುವಿನ ಬೆಳಕನ್ನೇ ಹೊರತು ಎಕ್ಸ್-ಕಿರಣವನ್ನಲ್ಲ. ವಿಕಿರಣ ಮೊದಲು ಬೆಳಕಾಗಿ, ಬಳಿಕ ವಿದ್ಯುತ್ತಾಗುವ ಈ ಎರಡು ಹಂತಗಳ ಕ್ರಮವನ್ನು ಪರೋಕ್ಷ ಪರಿವರ್ತನೆ ಎನ್ನುತ್ತಾರೆ. ನಡುವಿನ ಬೆಳಕಿನ ಹಂತವನ್ನು ಕೈಬಿಡುವ ಕ್ರಮವೇ ನೇರ ಪರಿವರ್ತನೆ.

ಕಾರ್ಯವಿಧಾನ

ಅರೆವಾಹಕ ಸ್ಫಟಿಕದಲ್ಲಿ ವಿಕಿರಣದ ಒಂದು ಫೋಟಾನ್ ಹೀರಲ್ಪಟ್ಟಾಗ ಅದರ ಶಕ್ತಿಯಿಂದ ಅನೇಕ ಎಲೆಕ್ಟ್ರಾನ್‌ಗಳು ತಮ್ಮ ಬಂಧದಿಂದ ಬಿಡುಗಡೆಯಾಗುತ್ತವೆ. ಎಲೆಕ್ಟ್ರಾನ್ ತೆರವುಗೊಳಿಸಿದ ಜಾಗವನ್ನು ರಂಧ್ರ ಎನ್ನುತ್ತಾರೆ. ಅದು ಧನಾವೇಶದ ಕಣದಂತೆ ವರ್ತಿಸುತ್ತದೆ. ಸ್ಫಟಿಕದ ಎರಡು ಬದಿಗಳ ನಡುವೆ ವಿದ್ಯುತ್ ವಿಭವಾಂತರವನ್ನು ಏರ್ಪಡಿಸಿದರೆ ಎಲೆಕ್ಟ್ರಾನ್‌ಗಳು ಒಂದು ಕಡೆಗೂ ರಂಧ್ರಗಳು ಇನ್ನೊಂದು ಕಡೆಗೂ ಸಾಗುತ್ತವೆ. ಈ ಚಲನೆಯಿಂದ ಉಂಟಾಗುವ ಕಿರು ವಿದ್ಯುತ್ ಸ್ಪಂದನವೇ ಶೋಧಕದ ಸಂಕೇತ. ಸ್ಪಂದನದ ಗಾತ್ರವು ಫೋಟಾನಿನ ಶಕ್ತಿಗೆ ಅನುಗುಣವಾಗಿರುತ್ತದೆ.

ಒಂದು ಎಲೆಕ್ಟ್ರಾನ್–ರಂಧ್ರ ಜೋಡಿಯನ್ನು ಸೃಷ್ಟಿಸಲು ಸಿಲಿಕಾನಿನಲ್ಲಿ ಸುಮಾರು 3.6 ಎಲೆಕ್ಟ್ರಾನ್ ವೋಲ್ಟ್, ಕ್ಯಾಡ್ಮಿಯಂ ಜಿಂಕ್ ಟೆಲ್ಯುರೈಡಿನಲ್ಲಿ ಸುಮಾರು 4.6 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಪರಮಾಣು ವೈದ್ಯಕೀಯದಲ್ಲಿ ಹೆಚ್ಚಾಗಿ ಬಳಸುವ ಟೆಕ್ನೀಷಿಯಂ-99ಎಂ ಐಸೊಟೋಪು ಹೊರಸೂಸುವ ಗಾಮಾ ಫೋಟಾನಿನ ಶಕ್ತಿ ಸುಮಾರು 140 ಕಿಲೋ ಎಲೆಕ್ಟ್ರಾನ್ ವೋಲ್ಟ್. ಅಂತಹ ಒಂದು ಫೋಟಾನ್ ಕ್ಯಾಡ್ಮಿಯಂ ಜಿಂಕ್ ಟೆಲ್ಯುರೈಡಿನಲ್ಲಿ ಸುಮಾರು 30,000 ಜೋಡಿಗಳನ್ನು ಉಂಟುಮಾಡುತ್ತದೆ. ಅದೇ ಫೋಟಾನ್ ಸೋಡಿಯಂ ಅಯೊಡೈಡಿನಲ್ಲಿ ಹೊಮ್ಮಿಸುವ ಬೆಳಕಿನ ಕಣಗಳು ಸುಮಾರು 5,000 ಮಾತ್ರ. ಅವುಗಳಲ್ಲಿಯೂ ಅನೇಕವು ನಳಿಕೆಯನ್ನು ತಲುಪುವ ಮುನ್ನ ನಷ್ಟವಾಗುತ್ತವೆ. ಎಣಿಕೆಗೆ ಸಿಗುವ ಕಣಗಳು ಹೆಚ್ಚಿದಷ್ಟೂ ಅಳತೆಯ ಏರಿಳಿತ ಕಡಿಮೆಯಾಗುವುದರಿಂದ ಶಕ್ತಿಯನ್ನು ಹೆಚ್ಚು ನಿಖರವಾಗಿ ತಿಳಿಯಬಹುದು. 140 ಕಿಲೋ ಎಲೆಕ್ಟ್ರಾನ್ ವೋಲ್ಟಿನಲ್ಲಿ ಆಂಗರ್ ಮಾದರಿಯ ಕ್ಯಾಮೆರಾದ ಶಕ್ತಿ ಪೃಥಕ್ಕರಣ ಶೇ. 9ರಿಂದ 10ರಷ್ಟಿದ್ದರೆ ಕ್ಯಾಡ್ಮಿಯಂ ಜಿಂಕ್ ಟೆಲ್ಯುರೈಡ್ ಕ್ಯಾಮೆರಾಗಳಲ್ಲಿ ಅದು ಶೇ. 5ರಿಂದ 6ರಷ್ಟಿರುತ್ತದೆ. ಈ ಸಂಖ್ಯೆ ಕಡಿಮೆಯಾದಷ್ಟೂ ಶೋಧಕ ಉತ್ತಮ.

ಇದರಿಂದ ರೋಗನಿರ್ಣಯಕ್ಕೆ ನೇರ ಪ್ರಯೋಜನವಿದೆ. ದೇಹದೊಳಗೆ ಚದುರಿ ದಿಕ್ಕು ತಪ್ಪಿದ ಗಾಮಾ ಫೋಟಾನ್ ಸ್ವಲ್ಪ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಅದನ್ನು ಗುರುತಿಸಿ ಎಣಿಕೆಯಿಂದ ಹೊರಗಿಡದಿದ್ದರೆ ಚಿತ್ರ ಮಸುಕಾಗುತ್ತದೆ. ಶಕ್ತಿಯ ಅಳತೆ ನಿಖರವಾದಷ್ಟೂ ಈ ಬೇರ್ಪಡಿಕೆ ಸುಲಭವಾಗುತ್ತದೆ.

ಬಳಸುವ ವಸ್ತುಗಳು

ಶೋಧಕಕ್ಕೆ ಯೋಗ್ಯವಾದ ವಸ್ತುವಿನಲ್ಲಿ ಎರಡು ಗುಣಗಳಿರಬೇಕು. ಮೊದಲನೆಯದಾಗಿ, ವಿಕಿರಣವನ್ನು ತಡೆದು ಹೀರಿಕೊಳ್ಳಲು ಪರಮಾಣು ಸಂಖ್ಯೆ ಹೆಚ್ಚಿರಬೇಕು. ಎರಡನೆಯದಾಗಿ, ವಿಕಿರಣವಿಲ್ಲದಾಗಲೂ ಉಷ್ಣದಿಂದ ಹರಿಯುವ ಸೋರಿಕೆ ವಿದ್ಯುತ್ತನ್ನು ತಡೆಯುವಷ್ಟು ಶಕ್ತಿ ಅಂತರ, ಅಂದರೆ ಬ್ಯಾಂಡ್ ಗ್ಯಾಪ್, ಇರಬೇಕು.

ಸಿಲಿಕಾನ್: ಪರಮಾಣು ಸಂಖ್ಯೆ 14. ಇದರ ಶುದ್ಧೀಕರಣ ಮತ್ತು ಸಂಸ್ಕರಣೆಯ ವಿಧಾನಗಳು ಚೆನ್ನಾಗಿ ಬೆಳೆದಿವೆ. ಆದರೆ 60 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಎಕ್ಸ್-ಕಿರಣಗಳಲ್ಲಿ ಶೇ. 2ರಷ್ಟು ಮಾತ್ರ 0.3 ಮಿಲಿಮೀಟರ್ ದಪ್ಪದ ಬಿಲ್ಲೆಯೊಂದಿಗೆ ಅಂತರಕ್ರಿಯೆ ನಡೆಸುತ್ತವೆ.

ಜರ್ಮೇನಿಯಂ: ಪರಮಾಣು ಸಂಖ್ಯೆ 32. ಶಕ್ತಿಯ ಅಳತೆಯಲ್ಲಿ ಅತ್ಯಂತ ನಿಖರ. ಆದರೆ ಶಕ್ತಿ ಅಂತರ ಕೇವಲ 0.67 ಎಲೆಕ್ಟ್ರಾನ್ ವೋಲ್ಟ್ ಆಗಿರುವುದರಿಂದ ಸಾಮಾನ್ಯವಾಗಿ ದ್ರವ ಸಾರಜನಕದ ಉಷ್ಣತೆಯ ಆಸುಪಾಸಿಗೆ ತಂಪುಗೊಳಿಸಬೇಕಾಗುತ್ತದೆ. ಆಸ್ಪತ್ರೆಯ ದಿನನಿತ್ಯದ ಬಳಕೆಗೆ ಇದು ಅನುಕೂಲಕರವಲ್ಲ.

ಕ್ಯಾಡ್ಮಿಯಂ ಟೆಲ್ಯುರೈಡ್ ಮತ್ತು ಕ್ಯಾಡ್ಮಿಯಂ ಜಿಂಕ್ ಟೆಲ್ಯುರೈಡ್: ಕ್ಯಾಡ್ಮಿಯಂನ ಪರಮಾಣು ಸಂಖ್ಯೆ 48, ಟೆಲ್ಯುರಿಯಂನದು 52. ಶಕ್ತಿ ಅಂತರ ಸುಮಾರು 1.4ರಿಂದ 1.6 ಎಲೆಕ್ಟ್ರಾನ್ ವೋಲ್ಟ್. ಕೋಣೆಯ ಉಷ್ಣತೆಯಲ್ಲಿಯೇ ಕೆಲಸ ಮಾಡುತ್ತವೆ. ಒಂದೆರಡು ಮಿಲಿಮೀಟರ್ ದಪ್ಪದಲ್ಲಿಯೇ ಸಿ.ಟಿ. ಕಿರಣಗಳ ಬಹುಭಾಗವನ್ನು ತಡೆಯುತ್ತವೆ. ಎರಡನೆಯದನ್ನು ಸಿಝಡ್‌ಟಿ ಎಂಬ ಸಂಕ್ಷಿಪ್ತ ರೂಪದಲ್ಲಿ ಕರೆಯುವುದು ರೂಢಿ.

ಸೆಲೆನಿಯಂ: ಸ್ಫಟಿಕ ರೂಪವಿಲ್ಲದ ಸೆಲೆನಿಯಂನ ತೆಳು ಪದರವನ್ನು ದೊಡ್ಡ ಫಲಕದ ಮೇಲೆ ಲೇಪಿಸಲು ಸಾಧ್ಯವಿರುವುದರಿಂದ ಮ್ಯಾಮೊಗ್ರಫಿಯ ಚಪ್ಪಟೆ ಫಲಕ ಶೋಧಕಗಳಲ್ಲಿ ಇದು ಬಳಕೆಯಲ್ಲಿದೆ.

ಸ್ಕ್ಯಾನರುಗಳಲ್ಲಿ ಬಳಕೆ

ಗಾಮಾ ಕ್ಯಾಮೆರಾ

ಹೃದಯದ ರಕ್ತಸಂಚಾರವನ್ನು ಪರೀಕ್ಷಿಸುವ ಸಿಝಡ್‌ಟಿ ಕ್ಯಾಮೆರಾಗಳು 2000ರ ದಶಕದ ಕೊನೆಯ ವೇಳೆಗೆ ಆಸ್ಪತ್ರೆಗಳಿಗೆ ಬಂದವು. ಇವುಗಳಲ್ಲಿ ಹಲವು ಚಿಕ್ಕ ಶೋಧಕಗಳು ಏಕಕಾಲದಲ್ಲಿ ಹೃದಯದತ್ತ ಮುಖ ಮಾಡಿರುತ್ತವೆ. ಹೀಗಾಗಿ ಹಿಂದೆ ಹದಿನೈದು ನಿಮಿಷದ ಆಸುಪಾಸು ಹಿಡಿಯುತ್ತಿದ್ದ ಚಿತ್ರಣವನ್ನು ಕೆಲವೇ ನಿಮಿಷಗಳಲ್ಲಿ ಮುಗಿಸಬಹುದು, ಅಥವಾ ರೋಗಿಗೆ ಕೊಡುವ ವಿಕಿರಣಶೀಲ ಔಷಧದ ಪ್ರಮಾಣವನ್ನು ಕಡಿಮೆ ಮಾಡಬಹುದು.

ಸಿ.ಟಿ. ಸ್ಕ್ಯಾನರ್

ಸಾಮಾನ್ಯ ಸಿ.ಟಿ. ಶೋಧಕವು ನಿರ್ದಿಷ್ಟ ಅವಧಿಯಲ್ಲಿ ಬಂದ ಎಲ್ಲ ಫೋಟಾನ್‌ಗಳ ಶಕ್ತಿಯನ್ನು ಒಟ್ಟುಗೂಡಿಸಿ ಒಂದೇ ಮೊತ್ತವಾಗಿ ಅಳೆಯುತ್ತದೆ. ಅರೆವಾಹಕ ಶೋಧಕವು ಪ್ರತಿ ಫೋಟಾನನ್ನೂ ಬಿಡಿಬಿಡಿಯಾಗಿ ಎಣಿಸಿ, ಅದರ ಶಕ್ತಿ ಯಾವ ಶ್ರೇಣಿಗೆ ಸೇರಿದ್ದೆಂದು ವರ್ಗೀಕರಿಸುತ್ತದೆ. ಇದನ್ನು ಫೋಟಾನ್ ಎಣಿಕೆಯ ಸಿ.ಟಿ. ಎಂದು ಕರೆಯುತ್ತಾರೆ. ನಿಗದಿತ ಮಿತಿಗಿಂತ ಚಿಕ್ಕದಾದ ಸ್ಪಂದನಗಳನ್ನು ಎಣಿಸದ ಕಾರಣ ವಿದ್ಯುನ್ಮಾನ ಮಂಡಲದ ಗದ್ದಲ ಚಿತ್ರದಲ್ಲಿ ಸೇರುವುದಿಲ್ಲ. ಮಿನುಗು ವಸ್ತುವಿನಲ್ಲಿ ಬೆಳಕು ಪಕ್ಕದ ಘಟಕಕ್ಕೆ ಹರಡದಂತೆ ಬೇಕಾಗುವ ತಡೆಗೋಡೆಗಳು ಇಲ್ಲಿ ಅನಗತ್ಯವಾದುದರಿಂದ ಘಟಕಗಳನ್ನು ಇನ್ನೂ ಚಿಕ್ಕದಾಗಿಸಬಹುದು.

ಶಕ್ತಿಯ ವರ್ಗೀಕರಣದಿಂದ ವಸ್ತುಗಳನ್ನು ಗುರುತಿಸುವುದೂ ಸಾಧ್ಯ. ರಕ್ತನಾಳಕ್ಕೆ ಚುಚ್ಚುವ ಅಯೊಡಿನ್ ದ್ರಾವಣ ಮತ್ತು ರಕ್ತನಾಳದ ಗೋಡೆಯಲ್ಲಿ ಕಟ್ಟಿಕೊಂಡ ಕ್ಯಾಲ್ಸಿಯಂ ಸಾಮಾನ್ಯ ಸಿ.ಟಿ. ಚಿತ್ರದಲ್ಲಿ ಒಂದೇ ಬಗೆಯ ಬಿಳುಪಾಗಿ ಕಾಣಬಹುದು. ವಿವಿಧ ಶಕ್ತಿಗಳಲ್ಲಿ ಅವು ಎಕ್ಸ್-ಕಿರಣವನ್ನು ಹೀರುವ ಪರಿ ಬೇರೆಬೇರೆಯಾದ್ದರಿಂದ ಫೋಟಾನ್ ಎಣಿಕೆಯಲ್ಲಿ ಎರಡನ್ನೂ ಪ್ರತ್ಯೇಕಿಸಬಹುದು. 2018ರಲ್ಲಿ ನ್ಯೂಜಿಲೆಂಡಿನ ಮಾರ್ಸ್ ಬಯೋಇಮೇಜಿಂಗ್ ಸಂಸ್ಥೆಯು ಸರ್ನ್‌ನ ಮೆಡಿಪಿಕ್ಸ್-3 ಚಿಪ್ಪನ್ನು ಬಳಸಿ ಮಾನವ ಅಂಗದ ಮೂರು ಆಯಾಮದ ವರ್ಣಚಿತ್ರಗಳನ್ನು ಪಡೆಯಿತು. ಕ್ಯಾಡ್ಮಿಯಂ ಟೆಲ್ಯುರೈಡ್ ಶೋಧಕವುಳ್ಳ ಸೀಮೆನ್ಸ್ ಹೆಲ್ತಿನಿಯರ್ಸ್ ಸಂಸ್ಥೆಯ ನೇಯೋಟಾಮ್ ಆಲ್ಫಾ ಯಂತ್ರಕ್ಕೆ 2021ರ ಸೆಪ್ಟೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಅನುಮತಿ ದೊರೆಯಿತು.

ಪೆಟ್ ಸ್ಕ್ಯಾನರ್

ಪಾಸಿಟ್ರಾನ್ ಎಮಿಷನ್ ಟೊಮೊಗ್ರಫಿಯಲ್ಲಿ, ಅಂದರೆ ಪೆಟ್‌ನಲ್ಲಿ, ದೇಹದಿಂದ ಪರಸ್ಪರ ವಿರುದ್ಧ ದಿಕ್ಕಿಗೆ ಹೊರಡುವ 511 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಜೋಡಿ ಫೋಟಾನ್‌ಗಳನ್ನು ಪತ್ತೆಹಚ್ಚಲಾಗುತ್ತದೆ. ಇಷ್ಟು ಪ್ರಬಲ ಫೋಟಾನ್‌ಗಳನ್ನು ತಡೆಯಲು ಈಗಲೂ ಸಾಂದ್ರವಾದ ಮಿನುಗು ಸ್ಫಟಿಕಗಳೇ ಬಳಕೆಯಲ್ಲಿವೆ. ಇಲ್ಲಿ ಅರೆವಾಹಕವು ಫೋಟೊಮಲ್ಟಿಪ್ಲಯರ್ ನಳಿಕೆಯ ಸ್ಥಾನವನ್ನು ಪಡೆದಿದೆ. ಸಿಲಿಕಾನ್ ಫೋಟೊಮಲ್ಟಿಪ್ಲಯರ್ ಎಂಬ ಈ ಸಾಧನ ಕಾಂತಕ್ಷೇತ್ರದಲ್ಲಿಯೂ ಕೆಲಸ ಮಾಡುವುದರಿಂದ ಪೆಟ್ ಮತ್ತು ಎಂ.ಆರ್.ಐ. ಎರಡನ್ನೂ ಒಂದೇ ಯಂತ್ರದಲ್ಲಿ ಅಳವಡಿಸಲು ನೆರವಾಗಿದೆ. ಎರಡು ಫೋಟಾನ್‌ಗಳು ತಲುಪುವ ಸಮಯದ ವ್ಯತ್ಯಾಸವನ್ನು ಸುಮಾರು 200 ಪಿಕೊಸೆಕೆಂಡ್ ನಿಖರತೆಯಲ್ಲಿ ಅಳೆದರೆ, ಅವು ಹುಟ್ಟಿದ ಸ್ಥಾನವನ್ನು ಆ ರೇಖೆಯ ಮೇಲೆ ಸುಮಾರು 3 ಸೆಂಟಿಮೀಟರ್ ವ್ಯಾಪ್ತಿಯೊಳಗೆ ಗುರುತಿಸಬಹುದು.

ಪೆಟ್‌ನಲ್ಲಿ ಬಳಸುವ ಫ್ಲೋರಿನ್-18 ಐಸೊಟೋಪಿನ ಅರ್ಧಾಯುಷ್ಯ ಸುಮಾರು 110 ನಿಮಿಷ. ಸೈಕ್ಲೊಟ್ರಾನ್‌ನಲ್ಲಿ ತಯಾರಾದ ಔಷಧ ನಗರದ ವಾಹನ ಸಂದಣಿಯನ್ನು ದಾಟಿ ಆಸ್ಪತ್ರೆಗೆ ಬರುವಷ್ಟರಲ್ಲಿ ಅದರ ಚಟುವಟಿಕೆಯ ಒಂದು ಭಾಗ ನಶಿಸಿರುತ್ತದೆ. ಸೂಕ್ಷ್ಮಗ್ರಾಹಿ ಶೋಧಕವಿದ್ದರೆ ಉಳಿದ ಔಷಧದಿಂದಲೇ ಹೆಚ್ಚು ರೋಗಿಗಳನ್ನು ಪರೀಕ್ಷಿಸಬಹುದು.

ಮ್ಯಾಮೊಗ್ರಫಿ

ಸ್ವೀಡನ್ನಿನಲ್ಲಿ ಅಭಿವೃದ್ಧಿಗೊಂಡ ಮೈಕ್ರೊಡೋಸ್ ಎಂಬ ಮ್ಯಾಮೊಗ್ರಫಿ ಯಂತ್ರವು ಸಿಲಿಕಾನ್ ಪಟ್ಟಿ ಶೋಧಕವನ್ನು ಬಳಸಿ ಫೋಟಾನ್ ಎಣಿಸುವ ವಿಧಾನವನ್ನು ಅನುಸರಿಸಿತು. ತೆಳುವಾದ ಸಿಲಿಕಾನ್ ಹೆಚ್ಚಿನ ಎಕ್ಸ್-ಕಿರಣಗಳನ್ನು ಹಾದುಹೋಗಲು ಬಿಡುತ್ತದೆ ಎಂಬ ದೋಷಕ್ಕೆ ಇದರಲ್ಲಿ ಸರಳ ಪರಿಹಾರವಿದೆ. ಬಿಲ್ಲೆಯನ್ನು ಮಲಗಿಸುವ ಬದಲು ಅದರ ಅಂಚು ಕಿರಣದ ಕಡೆಗಿರುವಂತೆ ನಿಲ್ಲಿಸಲಾಗುತ್ತದೆ. ಆಗ ಕಿರಣವು ಬಿಲ್ಲೆಯ ದಪ್ಪವನ್ನಲ್ಲ, ಅದರ ಉದ್ದವನ್ನು ಹಾಯಬೇಕಾಗುತ್ತದೆ. ಹಲವು ಸೆಂಟಿಮೀಟರ್ ಆಳದ ಸಿಲಿಕಾನ್ ಪಟ್ಟಿಗಳಿಂದ ಸಿ.ಟಿ. ಶೋಧಕವನ್ನು ನಿರ್ಮಿಸುವ ಪ್ರಯತ್ನಗಳಿಗೂ ಇದೇ ತತ್ತ್ವ ಆಧಾರ.

ಉತ್ತರ ಬೆಂಗಳೂರಿನಲ್ಲಿ

ಜಾಲಹಳ್ಳಿಯ ಸಿಲಿಕಾನ್ ಪಟ್ಟಿ ಶೋಧಕಗಳು

ಬಿಇಎಲ್ ಸಂಸ್ಥೆಯು ಕೇಂದ್ರ ರಕ್ಷಣಾ ಸಚಿವಾಲಯದ ಅಧೀನದಲ್ಲಿ 1954ರಲ್ಲಿ ಸ್ಥಾಪನೆಯಾಯಿತು. ಯಶವಂತಪುರದ ಆಚೆಗಿರುವ ಜಾಲಹಳ್ಳಿಯ ಕಾರ್ಖಾನೆಯಲ್ಲಿ 1960ರ ದಶಕದಲ್ಲಿ ಟ್ರಾನ್ಸಿಸ್ಟರುಗಳ ತಯಾರಿಕೆ ಆರಂಭವಾಗಿತ್ತು. ಸರ್ನ್‌ನ ಲಾರ್ಜ್ ಹ್ಯಾಡ್ರಾನ್ ಕೊಲೈಡರಿನ ಸಿಎಂಎಸ್ ಪ್ರಯೋಗಕ್ಕೆ ಸಿಲಿಕಾನ್ ಶೋಧಕಗಳನ್ನು ಒದಗಿಸುವ ಹೊಣೆಯನ್ನು ಭಾರತ ವಹಿಸಿಕೊಂಡಾಗ, ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರವು ಬಿಇಎಲ್ ಜೊತೆಗೂಡಿ ಅವುಗಳನ್ನು ಅಭಿವೃದ್ಧಿಪಡಿಸಿತು.

ಈ ಶೋಧಕಗಳು ಸಿಎಂಎಸ್‌ನ ಪ್ರೀಶವರ್ ಎಂಬ ಭಾಗಕ್ಕೆ ಸೇರಿದವು. ಪ್ರತಿ ಶೋಧಕವೂ ಸುಮಾರು 6.3 ಸೆಂಟಿಮೀಟರ್ ಬದಿಯ, ಸುಮಾರು 0.3 ಮಿಲಿಮೀಟರ್ ದಪ್ಪದ ಚೌಕ ಬಿಲ್ಲೆ. ಅದರ ಮೇಲೆ 32 ಸಮಾನಾಂತರ ಪಟ್ಟಿಗಳಿವೆ. ಪ್ರೀಶವರಿನಲ್ಲಿ ಇಂತಹ ಸುಮಾರು 4,300 ಬಿಲ್ಲೆಗಳಿದ್ದು, ಅವುಗಳಲ್ಲಿ ಸುಮಾರು 1,000 ಭಾರತದಿಂದ ಹೋದವು. ಒಂಟಿ ಫೋಟಾನನ್ನು, ನ್ಯೂಟ್ರಲ್ ಪಯಾನ್ ಕ್ಷಯಿಸಿದಾಗ ಹುಟ್ಟುವ ಅತಿ ಸಮೀಪದ ಎರಡು ಫೋಟಾನ್‌ಗಳಿಂದ ಪ್ರತ್ಯೇಕಿಸುವುದು ಪ್ರೀಶವರಿನ ಕೆಲಸ. 2012ರ ಜುಲೈ 4ರಂದು ಪ್ರಕಟವಾದ ಹಿಗ್ಸ್ ಬೋಸಾನಿನ ಶೋಧದಲ್ಲಿ ಎರಡು ಫೋಟಾನ್‌ಗಳಾಗಿ ಕ್ಷಯಿಸುವ ಮಾರ್ಗವೂ ಪ್ರಮುಖವಾಗಿತ್ತು.

ಇಂತಹ ಬಿಲ್ಲೆಯನ್ನು ತಯಾರಿಸುವುದು ಸಾಮಾನ್ಯ ಚಿಪ್ಪಿನ ತಯಾರಿಕೆಗಿಂತ ಬೇರೆ ಬಗೆಯ ಸವಾಲು. ಒಂದು ಸಿಲಿಕಾನ್ ತಟ್ಟೆಯಲ್ಲಿ ನೂರಾರು ಚಿಪ್ಪುಗಳಿದ್ದರೆ ಒಂದು ಕಲೆಯಿಂದ ಒಂದು ಚಿಪ್ಪು ಮಾತ್ರ ಹಾಳಾಗುತ್ತದೆ. ಆದರೆ 4 ಇಂಚು ವ್ಯಾಸದ ತಟ್ಟೆಯಲ್ಲಿ ಈ ಗಾತ್ರದ ಶೋಧಕ ಒಂದೇ ಹಿಡಿಸುತ್ತದೆ; ಗಂಭೀರ ದೋಷ ಒಂದೇ ಇದ್ದರೂ ಇಡೀ ತಟ್ಟೆ ನಿರುಪಯುಕ್ತವಾಗಬಹುದು. ಜೊತೆಗೆ ಎಲ್ಲ ಪಟ್ಟಿಗಳೂ ನೂರಾರು ವೋಲ್ಟ್ ವಿಭವವನ್ನು ತಾಳಿಕೊಂಡು ಅತ್ಯಲ್ಪ ಸೋರಿಕೆಯನ್ನಷ್ಟೇ ತೋರಬೇಕು. ಅತಿ ಶುದ್ಧ ಸಿಲಿಕಾನ್, ಧೂಳಿಲ್ಲದ ಕೊಠಡಿ ಮತ್ತು ಪ್ರತಿ ಬಿಲ್ಲೆಯ ಪರೀಕ್ಷೆ ಇದಕ್ಕೆ ಅನಿವಾರ್ಯ. ಅಂಚನ್ನು ಕಿರಣದತ್ತ ನಿಲ್ಲಿಸುವ ವೈದ್ಯಕೀಯ ಸಿಲಿಕಾನ್ ಶೋಧಕಗಳಿಗೂ ಬೇಕಾಗುವುದು ಮುಖ್ಯವಾಗಿ ಇದೇ ಕೌಶಲ. ಪಟ್ಟಿಗಳ ಅಳತೆ ಮತ್ತು ವೇಗವಾಗಿ ಎಣಿಸುವ ಚಿಪ್ಪುಗಳು ಮಾತ್ರ ಬೇರೆ.

ಬಾಹ್ಯಾಕಾಶ ಉಪಕರಣಗಳು

ವೈದ್ಯಕೀಯ ಶೋಧಕಗಳಿಗೂ ಖಗೋಳ ವಿಜ್ಞಾನಕ್ಕೂ ಹತ್ತಿರದ ನಂಟಿದೆ. 2015ರ ಸೆಪ್ಟೆಂಬರ್ 28ರಂದು ಉಡಾವಣೆಯಾದ ಆಸ್ಟ್ರೋಸ್ಯಾಟ್ ಉಪಗ್ರಹದ ಸಿಝಡ್‌ಟಿ ಇಮೇಜರಿನಲ್ಲಿ ತಲಾ 256 ಘಟಕಗಳುಳ್ಳ 64 ಶೋಧಕಗಳು, ಅಂದರೆ ಒಟ್ಟು 16,384 ಘಟಕಗಳಿವೆ. ಈ ಶೋಧಕಗಳನ್ನು ಪೂರೈಸಿದ್ದು ವೈದ್ಯಕೀಯ ಚಿತ್ರಣದ ಶೋಧಕಗಳನ್ನು ತಯಾರಿಸುತ್ತಿದ್ದ ಇಸ್ರೇಲಿನ ಆರ್ಬೊಟೆಕ್ ಮೆಡಿಕಲ್ ಸೊಲ್ಯೂಷನ್ಸ್. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಮುಂದಾಳತ್ವದಲ್ಲಿ ಹಲವು ಸಂಸ್ಥೆಗಳು ಸೇರಿ ಈ ಉಪಕರಣವನ್ನು ರೂಪಿಸಿದವು. ಉಪಗ್ರಹದ ನಿಯಂತ್ರಣ ಪೀಣ್ಯದಲ್ಲಿರುವ ಇಸ್ರೋ ದೂರಮಾಪನ ಕೇಂದ್ರ ಇಸ್ಟ್ರ್ಯಾಕ್‌ನಿಂದ ನಡೆಯುತ್ತದೆ.

2024ರ ಜನವರಿ 1ರಂದು ಉಡಾವಣೆಯಾದ ಎಕ್ಸ್‌ಪೋಸ್ಯಾಟ್ ಉಪಗ್ರಹದಲ್ಲಿ ಎರಡು ಬಗೆಯ ಶೋಧಕಗಳಿವೆ. ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ ನಿರ್ಮಿಸಿದ ಪೋಲಿಕ್ಸ್ ಉಪಕರಣ ಅನಿಲ ತುಂಬಿದ ಎಣಿಕೆ ಸಾಧನಗಳನ್ನು ಬಳಸಿದರೆ, ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದ ಎಕ್ಸ್‌ಸ್ಪೆಕ್ಟ್ ಸಿಲಿಕಾನ್ ಶೋಧಕಗಳನ್ನು ಬಳಸುತ್ತದೆ. ಅರೆವಾಹಕವೇ ಎಲ್ಲ ಅಗತ್ಯಗಳಿಗೂ ಉತ್ತರವಲ್ಲ, ಅಳೆಯಬೇಕಾದ ಗುಣಕ್ಕೆ ತಕ್ಕಂತೆ ಶೋಧಕವನ್ನು ಆಯ್ಕೆ ಮಾಡಬೇಕೆಂಬುದಕ್ಕೆ ಇದು ನಿದರ್ಶನ.

ಸಂಶೋಧನಾ ಕೇಂದ್ರಗಳು

ಯಶವಂತಪುರಕ್ಕೆ ಹೊಂದಿಕೊಂಡಿರುವ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಮತ್ತು ಇಂಜಿನಿಯರಿಂಗ್ ಕೇಂದ್ರದಲ್ಲಿ ಅರೆವಾಹಕ ಸಾಧನಗಳನ್ನು ತಯಾರಿಸುವ ಸ್ವಚ್ಛ ಕೊಠಡಿಗಳಿವೆ. ಹೆಬ್ಬಾಳ ಮತ್ತು ಯಲಹಂಕದ ನಡುವಿನ ಜಕ್ಕೂರಿನಲ್ಲಿ 1989ರಲ್ಲಿ ಸ್ಥಾಪನೆಯಾದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಹ್ಯಾಲೈಡ್ ಪೆರೊವ್‌ಸ್ಕೈಟ್ ಎಂಬ ವಸ್ತುವರ್ಗದ ಗುಣಗಳನ್ನು ಅಧ್ಯಯನ ಮಾಡಲಾಗುತ್ತಿದೆ. ಸೀಸವುಳ್ಳ ಪೆರೊವ್‌ಸ್ಕೈಟ್‌ಗಳು ಎಕ್ಸ್-ಕಿರಣವನ್ನು ಚೆನ್ನಾಗಿ ಹೀರುತ್ತವೆ. ಇವುಗಳನ್ನು ದ್ರಾವಣದಿಂದ ಕಡಿಮೆ ಉಷ್ಣತೆಯಲ್ಲಿ ಬೆಳೆಸಬಹುದು. ಈ ಕಾರಣಗಳಿಂದ ಕ್ಯಾಡ್ಮಿಯಂ ಟೆಲ್ಯುರೈಡಿಗೆ ಅಗ್ಗದ ಬದಲಿಯಾಗಬಲ್ಲವೆಂದು ಜಗತ್ತಿನ ಹಲವೆಡೆ ಪರೀಕ್ಷೆಗಳು ನಡೆದಿವೆ. ಸೀಸದ ವಿಷತ್ವ ಮತ್ತು ವಿಭವಾಂತರದಲ್ಲಿ ಅಯಾನುಗಳು ಸ್ಥಳ ಬದಲಿಸುವುದು ಇವುಗಳ ಮುಖ್ಯ ತೊಡಕುಗಳು.

ವಿಕಿರಣದ ಪ್ರಮಾಣ

ಎದೆಯ ಸಾಮಾನ್ಯ ಎಕ್ಸ್-ರೇ ತೆಗೆಸಿದಾಗ ದೇಹಕ್ಕೆ ತಗಲುವ ಪರಿಣಾಮಕಾರಿ ಪ್ರಮಾಣ ಸುಮಾರು 0.1 ಮಿಲಿಸೀವರ್ಟ್ ಅಥವಾ ಅದಕ್ಕಿಂತ ಕಡಿಮೆ. ಎದೆಯ ಸಿ.ಟಿ. ಸ್ಕ್ಯಾನಿನಲ್ಲಿ ಇದು ಸಾಮಾನ್ಯವಾಗಿ 5ರಿಂದ 7 ಮಿಲಿಸೀವರ್ಟ್ ಆಗಿರುತ್ತದೆ. ನೈಸರ್ಗಿಕ ಮೂಲಗಳಿಂದ ಮನುಷ್ಯನಿಗೆ ತಗಲುವ ವಿಕಿರಣದ ಜಾಗತಿಕ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್. ಒಂದು ಸ್ಕ್ಯಾನಿನಿಂದಾಗುವ ಅಪಾಯ ಅಲ್ಪವಾದುದು. ವೈದ್ಯಕೀಯ ಅಗತ್ಯವಿದ್ದಾಗ ಅದರ ಪ್ರಯೋಜನವೇ ಹೆಚ್ಚು. ಆದರೆ ಮಕ್ಕಳ ಅಂಗಾಂಶಗಳು ವಿಕಿರಣಕ್ಕೆ ಹೆಚ್ಚು ಸೂಕ್ಷ್ಮವಾಗಿರುವುದರಿಂದ ಮತ್ತು ಕ್ಯಾನ್ಸರ್ ರೋಗಿಗಳಿಗೆ ಪದೇ ಪದೇ ಸ್ಕ್ಯಾನ್ ಬೇಕಾಗುವುದರಿಂದ ಪ್ರತಿ ಬಾರಿಯ ಪ್ರಮಾಣವನ್ನು ತಗ್ಗಿಸುವುದು ಮುಖ್ಯವಾಗುತ್ತದೆ. ಭಾರತದಲ್ಲಿ ವೈದ್ಯಕೀಯ ಎಕ್ಸ್-ಕಿರಣ ಯಂತ್ರಗಳ ಸುರಕ್ಷತೆಯನ್ನು 1983ರಲ್ಲಿ ರಚನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ನೋಡಿಕೊಳ್ಳುತ್ತದೆ.

ಶೋಧಕವನ್ನು ಬದಲಿಸಿದ ಮಾತ್ರಕ್ಕೆ ಪ್ರಮಾಣ ತಾನಾಗಿ ಇಳಿಯುವುದಿಲ್ಲ. ಉತ್ತಮ ಶೋಧಕವು ಅದೇ ವಿಕಿರಣದಲ್ಲಿ ಹೆಚ್ಚು ಸ್ಪಷ್ಟವಾದ ಚಿತ್ರವನ್ನು, ಅಥವಾ ಅದೇ ಸ್ಪಷ್ಟತೆಯ ಚಿತ್ರವನ್ನು ಕಡಿಮೆ ವಿಕಿರಣದಲ್ಲಿ ನೀಡಬಲ್ಲದು. ಇವೆರಡರಲ್ಲಿ ಯಾವುದು ಬೇಕೆಂಬುದನ್ನು ರೋಗಿಯ ಸ್ಥಿತಿ ಮತ್ತು ಪರೀಕ್ಷೆಯ ಉದ್ದೇಶ ನೋಡಿ ವೈದ್ಯರು ಹಾಗೂ ತಂತ್ರಜ್ಞರು ನಿರ್ಧರಿಸಬೇಕಾಗುತ್ತದೆ.

ಮಿತಿಗಳು

ಸಿ.ಟಿ. ಕಿರಣದಲ್ಲಿ ಒಂದು ಚದರ ಮಿಲಿಮೀಟರಿಗೆ ಸೆಕೆಂಡಿಗೆ ಕೋಟಿಗಟ್ಟಲೆ ಫೋಟಾನ್‌ಗಳು ಬೀಳುತ್ತವೆ. ಎರಡು ಫೋಟಾನ್‌ಗಳು ಅತಿ ಬೇಗನೆ ಒಂದರ ಹಿಂದೊಂದು ಬಂದರೆ ಅವುಗಳ ಸ್ಪಂದನಗಳು ಕೂಡಿಕೊಂಡು ಒಂದೇ ಎಂದು ಎಣಿಕೆಯಾಗಬಹುದು. ಘಟಕಗಳನ್ನು ಚಿಕ್ಕದಾಗಿಸಿದರೆ ಈ ತೊಂದರೆ ಕಡಿಮೆಯಾಗುತ್ತದೆ. ಆದರೆ ಒಂದೇ ಫೋಟಾನಿನ ವಿದ್ಯುದಾವೇಶ ಅಕ್ಕಪಕ್ಕದ ಘಟಕಗಳಲ್ಲಿ ಹಂಚಿಹೋಗಿ ಶಕ್ತಿಯ ಅಳತೆ ತಪ್ಪುವ ಸಂಭವ ಹೆಚ್ಚುತ್ತದೆ. ಆದುದರಿಂದ ಘಟಕದ ಗಾತ್ರವನ್ನು ಇವೆರಡರ ನಡುವೆ ಹೊಂದಿಸಿ ನಿಗದಿಪಡಿಸಲಾಗುತ್ತದೆ.

ಕ್ಯಾಡ್ಮಿಯಂ ಟೆಲ್ಯುರೈಡ್ ವರ್ಗದ ಸ್ಫಟಿಕಗಳಲ್ಲಿ ರಂಧ್ರಗಳ ಚಲನೆ ನಿಧಾನ. ಸ್ಫಟಿಕದ ದೋಷಗಳಲ್ಲಿ ಅವು ಸಿಕ್ಕಿಬಿದ್ದರೆ ಸಂಕೇತ ಕುಗ್ಗುತ್ತದೆ. ಟೆಲ್ಯುರಿಯಂನ ಸೂಕ್ಷ್ಮ ಕಣಗಳು ಬೆರೆಯದ, ದೋಷರಹಿತವಾದ ದೊಡ್ಡ ಸ್ಫಟಿಕಗಳನ್ನು ಬೆಳೆಸುವುದು ಕಷ್ಟಕರವೂ ದುಬಾರಿಯೂ ಆಗಿದೆ. ಜಗತ್ತಿನಲ್ಲಿ ಕೆಲವೇ ಸಂಸ್ಥೆಗಳು ಇವುಗಳನ್ನು ವಾಣಿಜ್ಯ ಪ್ರಮಾಣದಲ್ಲಿ ತಯಾರಿಸುತ್ತವೆ. ಫೋಟಾನ್ ಎಣಿಸುವ ಸ್ಕ್ಯಾನರುಗಳ ಬೆಲೆ ಹೆಚ್ಚಾಗಿರಲು ಇದೊಂದು ಮುಖ್ಯ ಕಾರಣ. ಸಿಲಿಕಾನಿಗೆ ಈ ಕೊರತೆಯಿಲ್ಲ. ಅದರ ದೌರ್ಬಲ್ಯ ವಿಕಿರಣವನ್ನು ಹೀರುವ ಸಾಮರ್ಥ್ಯದಲ್ಲಿದೆ. ಹೀಗಾಗಿ ಕಡಿಮೆ ದಪ್ಪದಲ್ಲಿ ಹೆಚ್ಚು ಹೀರುವ ದುಬಾರಿ ಸ್ಫಟಿಕ ಮತ್ತು ಸುಲಭವಾಗಿ ದೊರೆಯುವ, ಆದರೆ ಹೆಚ್ಚು ಆಳ ಬೇಕಾಗುವ ಸಿಲಿಕಾನ್ ಎಂಬ ಎರಡು ದಾರಿಗಳಲ್ಲಿ ಸ್ಕ್ಯಾನರುಗಳ ಅಭಿವೃದ್ಧಿ ಮುಂದುವರಿದಿದೆ.